ಹಿಮಗಡಲಿನ ಕೂದಲ ಶಂಖ

ವಸ್ತುಸಂಗ್ರಹಾಲಯದ ಹಿಂಬದಿಯ ಕಟ್ಟಡದಲ್ಲಿ, ಸ್ಪಿರಿಟ್ಟಿನ ವಾಸನೆ ಗೋಡೆಗೇ ಅಂಟಿಕೊಂಡ ಉದ್ದನೆಯ ಕೋಣೆಯಲ್ಲಿ, ಕಡಲ ಬಸವನಹುಳುಗಳನ್ನು ಗುರುತು ಹಿಡಿದು ಬೇರೆ ಬೇರೆ ಡ್ರಾಯರಿಗೆ ಸೇರಿಸುವ ಹೆಂಗಸೊಬ್ಬಳಿದ್ದಳು. ಎಲ್ಲರೂ ಅವಳನ್ನು ಶಂಖದಮ್ಮ ಎನ್ನುತ್ತಿದ್ದರು, ಅದೂ ಬೆನ್ನ ಹಿಂದೆ. ಎದುರಿಗೆ ಹಾಗೆ ಕರೆಯುವ ಗುಂಡಿಗೆ ಯಾರಿಗೂ ಇರಲಿಲ್ಲ. ಸಿಟ್ಟು ಅವಳ ಮೂಗಿನ ತುದಿಯಲ್ಲೇ ಮನೆ ಮಾಡಿಕೊಂಡಿತ್ತು. ಬಾಟಲಿಯ ಮುಚ್ಚಳ ಸಡಿಲವಾಗಿದ್ದರೆ ಸಿಟ್ಟು, ಚೀಟಿಯ ಮೇಲೆ ಶಾಯಿ ಹರಡಿದರೆ ಸಿಟ್ಟು, ಯಾರಾದರೂ ಬಾಗಿಲಲ್ಲಿ ನಿಂತು ‘ಇದನ್ನೆಲ್ಲ ತಿನ್ನಬಹುದಾ?’ ಎಂದು ಕೇಳಿದರಂತೂ ಅವತ್ತು ಇಡೀ ಕಟ್ಟಡಕ್ಕೆ ಉಳಿಗಾಲವಿರಲಿಲ್ಲ.

ಅವಳ ಜೀವವೆಲ್ಲ ಹೆಬ್ಬೆರಳಿನ ಗಾತ್ರದ ಒಂದು ಹುಳುವಿನ ಮೇಲಿತ್ತು. ಉತ್ತರದ ಹಿಮಗಡಲಿನ ಕೆಸರಿನಿಂದ ಹಡಗಿನವರು ಎತ್ತಿ ತಂದದ್ದು ಬರೀ ಮೂರು. ಚಿಪ್ಪಿನ ಮೇಲೆ ಕಂದು ಬಣ್ಣದ ದಪ್ಪ ಸಿಪ್ಪೆ, ಆ ಸಿಪ್ಪೆಯ ತುಂಬ ಒರಟು ಕೂದಲು. ಹಳೆಯ ಕಂಬಳಿ ಹೊದ್ದು ಕೂತ ಮುದುಕನ ಹಾಗಿತ್ತು ಅದು. ಅದೇ ಕಡಲಿನದು ಎಂದು ಪುಸ್ತಕಗಳಲ್ಲಿ ಇನ್ನೊಂದು ಹುಳುವಿನ ಹೆಸರಿತ್ತು. ಬಹಳ ಹಿಂದೆ ಯಾರೋ ಒಬ್ಬ ಪಂಡಿತ ದಡದ ಮರಳಲ್ಲಿ ಬಿದ್ದಿದ್ದ ಒಂದೇ ಒಂದು ಖಾಲಿ ಚಿಪ್ಪನ್ನು ಆರಿಸಿಕೊಂಡು, ‘ಬಿಳುಪು, ನುಣುಪು, ಬಾಯೊಳಗೆ ಒಂದು ಮಡಿಕೆ’ ಎಂದು ಬರೆದು, ಹೆಸರಿಟ್ಟು ಹೋಗಿದ್ದ. ಜೀವಂತವಾದದ್ದನ್ನು ಆಮೇಲೆ ಯಾರೂ ಕಂಡಿರಲಿಲ್ಲ. ಆ ಚಿಪ್ಪು ಇದೇ ಸಂಗ್ರಹಾಲಯದಲ್ಲಿತ್ತು.

ಅದು ನುಣುಪು, ಇದು ಕೂದಲು. ಅದು ಬೇರೆ, ಇದು ಬೇರೆ. ಶಂಖದಮ್ಮ ವರ್ಷಗಟ್ಟಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು, ಇದೊಂದು ಹೊಸ ಪ್ರಭೇದ ಎಂದು ಲೇಖನ ಸಿದ್ಧಮಾಡಿದ್ದಳು. ಅದಕ್ಕೆ ತನ್ನ ತಾಯಿಯ ಹೆಸರಿಡಬೇಕೆಂದಿದ್ದಳು. ಸಿಟ್ಟಿನಲ್ಲಿ ಮಗಳಿಗಿಂತ ಒಂದು ಕೈ ಮೇಲಾಗಿದ್ದ, ಊರವರ ಮನೆಯ ಪಾತ್ರೆ ತಿಕ್ಕಿ ಮಗಳನ್ನು ಓದಿಸಿದ್ದ ತಾಯಿ. ಎಲ್ಲೂ ಯಾರೂ ಅವಳ ಹೆಸರನ್ನು ಬರೆದಿರಲಿಲ್ಲ. ಇನ್ನು ಬರೆಯುತ್ತಾರೆ, ಅಳಿಸಲಾಗದ ಹಾಗೆ ಬರೆಯುತ್ತಾರೆ, ಎಂಬುದೊಂದೇ ಶಂಖದಮ್ಮನ ಹಟ.

ಅಷ್ಟರಲ್ಲಿ ಮುಖ್ಯಸ್ಥರಿಗೆ ಹಿಮಗಡಲಿನ ಪ್ರದರ್ಶನವೊಂದನ್ನು ಮಾಡುವ ಉಮೇದು ಬಂತು. ಪಂಡಿತನ ಹಳೆಯ ಚಿಪ್ಪನ್ನೂ ಅದರಲ್ಲಿಡುವುದೆಂದಾಯಿತು. ಗಾಜಿನ ಪೆಟ್ಟಿಗೆಗಳನ್ನು ಸಜ್ಜುಮಾಡುವವನು ಬೇರೆ ಯಾರೂ ಅಲ್ಲ, ಶಂಖದಮ್ಮನ ಖಾಸಾ ಮೈದುನ. ಕಂಡದ್ದನ್ನೆಲ್ಲ ತಿಕ್ಕಿ ಹೊಳಪಿಸುವ ಚಟಕ್ಕೆ ಅವನಿಗೆ ಪಾಲಿಶ್ ಎಂದೇ ಹೆಸರು. ಹಲ್ಲು ಕಚ್ಚಿಕೊಂಡು ಅವಳು ಮೂರರಲ್ಲಿ ಒಂದನ್ನು ಅವನ ಕೈಗಿಟ್ಟಳು, ‘ಜೋಪಾನ’ ಎಂದಳು. ಏನು ಮಾಡಬಾರದು ಎಂದು ಬಿಡಿಸಿ ಹೇಳಲಿಲ್ಲ. ಅವಳ ಕೋಣೆಯಲ್ಲಿ ಹುಳುವಿಗೆ ಬ್ರಶ್ಶು ಮುಟ್ಟಿಸುವವರು ಯಾರೂ ಇರಲಿಲ್ಲ. ಹಾಗೆ ಮುಟ್ಟಿಸುವ ಜನ ಭೂಮಿಯ ಮೇಲೆ ಇರಬಹುದೆಂಬುದು ಅವಳಿಗೆ ಹೊಳೆಯಲೂ ಇಲ್ಲ.

ಮರುದಿನ ಪ್ರದರ್ಶನದ ಹಾಲಿಗೆ ಹೋದರೆ, ನೀಲಿ ಬಟ್ಟೆಯ ಮೇಲೆ, ದೀಪದ ಕೆಳಗೆ, ಎರಡು ಬಿಳಿ ಚಿಪ್ಪುಗಳು ಅಕ್ಕಪಕ್ಕ ಕೂತು ಫಳಫಳ ಅನ್ನುತ್ತಿದ್ದವು.

“ಪಾಲಿಶ್! ಎಲ್ಲಿ ಸತ್ತೆಯೋ? ಬಾ ಇಲ್ಲಿ!”

“ಬಂದೆ ಅತ್ತಿಗೆ. ಹೇಗಿದೆ? ಹಳೇದಕ್ಕೂ ಒಂದು ಜೊತೆ ಆಯ್ತು ನೋಡಿ.”

“ನನ್ನ ಹುಳದ ಮೈಮೇಲೆ ಇದ್ದಿದ್ದೆಲ್ಲ ಎಲ್ಲೋ?”

“ಯಾವುದು, ಆ ಪಾಚಿನಾ? ಅಬ್ಬಬ್ಬ, ಏನು ಜಿಗುಟು ಅಂತೀರಿ! ಬಟ್ಟೆಗೆ ಹಾಕೋ ಬ್ಲೀಚಲ್ಲಿ ನೆನೆಸಿಟ್ಟು, ಹಲ್ಲುಜ್ಜೋ ಬ್ರಶ್ಶಲ್ಲಿ ತಿಕ್ಕಿ ತಿಕ್ಕಿ ರೆಟ್ಟೆ ಬಿದ್ದುಹೋಯ್ತು. ಒಳಗಿನ ಮಾಂಸ ಮಾತ್ರ ಕಿತ್ತು ಬಾಟಲಿಗೇ ಹಾಕಿದ್ದೀನಿ, ಎಸೆದಿಲ್ಲ.”

“ಪಾಚಿ ಅಲ್ಲ ಕಣೋ ಅದು, ಅದರ ಸಿಪ್ಪೆ! ಅದರ ಕೂದಲು! ನಿನ್ನ ತಲೆ ಬೋಳಿಸಿ, ಚರ್ಮ ಸುಲಿದು, ಹೀಗೇ ದೀಪದ ಕೆಳಗೆ ಕೂರಿಸ್ಲಾ?”

“ಬೋಳಿಸೋಕೆ ಇಲ್ಲೇನು ಉಳಿದಿದೆ ಅತ್ತಿಗೆ?” ಎಂದು ಪಾಲಿಶ್ ತನ್ನ ಬೋಳುತಲೆ ಸವರಿಕೊಂಡ. ನಕ್ಕುಬಿಟ್ಟರೆ ಬಿರುಗಾಳಿ ತಗ್ಗೀತು ಎಂದುಕೊಂಡಿದ್ದ, ಪಾಪ.

ಅವಳು ಗಾಜಿನ ಬಾಗಿಲನ್ನು ಕಿತ್ತೇಬಿಡುವ ಹಾಗೆ ಎಳೆದು, ಒಂದು ಚಿಪ್ಪನ್ನು ಬಾಚಿಕೊಂಡು ಹೊರಟಳು.

“ಅತ್ತಿಗೆ... ಅದು ಹಳೇದು. ನಿಮ್ಮದು ಇಲ್ಲೇ ಇದೆ.”

ಅವಳ ಕಾಲುಗಳು ನಿಂತವು. “ನಿನಗೆ ಹೇಗೆ ಗೊತ್ತು?”

“ನನಗೇನು ಗೊತ್ತು? ಅಡೀಲಿ ನಂಬರ್ ಇದೆಯಲ್ಲ.”

ತಿರುಗಿಸಿ ನೋಡಿದಳು. ನಂಬರ್ ಹಳೆಯದೇ. ಹಗಲೂ ರಾತ್ರಿ ಆ ಹುಳುವಿನ ಮುಖ ನೋಡಿದ್ದವಳು, ಸಾವಿರ ಚಿಪ್ಪಿನ ರಾಶಿಯಲ್ಲಿ ಬಿದ್ದಿದ್ದರೂ ಹೆಕ್ಕಿ ತೆಗೆಯುತ್ತೇನೆ ಅನ್ನುತ್ತಿದ್ದವಳು, ಎರಡರಲ್ಲಿ ತಪ್ಪಿದ್ದಳು. ಇನ್ನೊಂದನ್ನೂ ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೈಕ್ರೋಸ್ಕೋಪಿನ ಕೆಳಗೆ ಎರಡನ್ನೂ ಇಟ್ಟು ನೋಡಿದಳು. ಕೂದಲ ಸಿಪ್ಪೆ ಇಷ್ಟು ದಿನ ಮುಚ್ಚಿಟ್ಟಿದ್ದ ಸಣ್ಣ ಗೆರೆಗಳು ಎರಡರಲ್ಲೂ ಒಂದೇ ಒತ್ತಿನಲ್ಲಿ ಸುತ್ತಿಕೊಂಡಿದ್ದವು. ಹುಳು ಒಳಗೆ ಮುದುಡಿ ಮುಚ್ಚಳ ಹಾಕಿಕೊಂಡಿದ್ದರಿಂದ ಎಂದೂ ಕಾಣದಿದ್ದ ಬಾಯ ಮಡಿಕೆ, ಅದೂ ಅಲ್ಲೇ ಇತ್ತು, ಅದೇ ಓರೆಯಲ್ಲಿ. ಆ ಪಂಡಿತನ ಕೈಗೆ ಸಿಕ್ಕುವ ಮೊದಲೇ ಅಲೆ ಮತ್ತು ಮರಳು ಸೇರಿ ಚಿಪ್ಪನ್ನು ತಿಕ್ಕಿದ್ದವು. ಈಗ ಪಾಲಿಶ್ ತಿಕ್ಕಿದ್ದ. ಅಷ್ಟೇ ವ್ಯತ್ಯಾಸ. ಎರಡೂ ಒಂದೇ ಹುಳುವಾದರೆ ಮೊದಲು ಇಟ್ಟ ಹೆಸರೇ ನಿಲ್ಲುತ್ತದೆ.

ಮೈದುನನ ಮೇಲಿದ್ದ ಸಿಟ್ಟು ಈಗ ದಿಕ್ಕು ಬದಲಿಸಿ ಆ ಪಂಡಿತನ ಮೇಲೆ ಹಾಯಿತು. ಬದುಕಿದ್ದನ್ನು ನೋಡದೆ, ಸತ್ತು ಸವೆದದ್ದನ್ನು ಜೇಬಿಗೆ ಹಾಕಿಕೊಂಡು ಹೆಸರಿಟ್ಟು ನಡೆದವನು! ಆಮೇಲೆ ತನ್ನ ಮೇಲೆಯೇ ಎರಗಿತು. ಕೂದಲು ನೋಡಿ ಕುಲ ಹೇಳಲು ಹೊರಟವಳು!

ಸುದ್ದಿ ಕೇಳಿ ಮುಖ್ಯಸ್ಥರು ಬಂದರು. “ಹೋಗ್ಲಿ ಬಿಡಮ್ಮ. ಇನ್ನೆರಡು ಕೂದಲಿರೋವು ಇದಾವಲ್ಲ, ಅವುಗಳ ಮೇಲೇ ಲೇಖನ ಕಳಿಸಿಬಿಡಿ. ಇದನ್ನ ಒಳಗಿಟ್ಟರಾಯ್ತು, ಯಾರು ನೋಡ್ತಾರೆ?”

“ನಾನು ನೋಡಿದ್ದೀನಲ್ಲ, ನಾನೇನು ಕುರುಡಿನಾ?”

“ಪತ್ರಿಕೆಯವರಿಗೆ ಹೊಸ ಪ್ರಭೇದ ಅಂತ ಹೇಳಿಯಾಗಿದೆ.”

“ಹೇಳಿದ ಬಾಯಲ್ಲೇ ಅಲ್ಲ ಅಂತ ಹೇಳಿ. ಸವೆದುಹೋಗಲ್ಲ ಬಾಯಿ.”

ಅವತ್ತು ಮನೆಯಲ್ಲಿ ತಟ್ಟೆಗಳು ಮೇಜಿನ ಮೇಲೆ ಕೂರಲಿಲ್ಲ, ಬಿದ್ದವು. ಪಾಲಿಶ್ ತಲೆ ತಗ್ಗಿಸಿ ಉಣ್ಣುತ್ತಿದ್ದ. ಅತ್ತೆ ಇಬ್ಬರನ್ನೂ ನೋಡಿ, “ಸತ್ತ ಹುಳಕ್ಕೆ ಸ್ನಾನ ಮಾಡಿಸಿದ ಅಂತ ಇಷ್ಟು ರಂಪ. ಬದುಕಿರೋ ನನಗೆ ಬಿಸಿನೀರು ಕಾಯಿಸೋರು ದಿಕ್ಕಿಲ್ಲ,” ಅಂದರು. ಗಂಡನಿಗೆ ನಗು ತಡೆಯಲಾಗದೆ ಅನ್ನ ನೆತ್ತಿಗೇರಿತು. ಶಂಖದಮ್ಮ ನಗಲಿಲ್ಲ. ಅವಳ ತಲೆಯಲ್ಲಿ ಒಂದೇ ಮಾತು ಕೊರೆಯುತ್ತಿತ್ತು. ಬ್ಲೀಚು ಚಿಪ್ಪಿನ ಮೈಯನ್ನೂ ಒಂದಿಷ್ಟು ತಿಂದಿರಬಹುದು. ಅದರ ಮೇಲೊಂದನ್ನೇ ನಂಬಿ ತಾಯಿಯ ಹೆಸರನ್ನು ಹೊಡೆದುಹಾಕುವಂತಿಲ್ಲ. ಇನ್ನೊಂದನ್ನು ತಿಕ್ಕಲೇಬೇಕು, ಅದೂ ಬರೀ ನೀರಿನಲ್ಲಿ, ತನ್ನ ಕೈಯಾರೆ.

ಬೆಳಿಗ್ಗೆ ಮೆತ್ತನೆಯ ಬ್ರಶ್ಶು ಹಿಡಿದು ಕೂತಳು. ಎರಡನೆಯದನ್ನು ಬಾಟಲಿಯಿಂದ ತೆಗೆದು, ಒಂದು ಮಗ್ಗುಲನ್ನು ಮಾತ್ರ, ಕೂದಲು ಕೂದಲಾಗಿ, ಉಗುರಿನಷ್ಟು ಉಗುರಿನಷ್ಟೇ ಜಾಗ ಬಿಡಿಸುತ್ತ ಬಂದಳು. ಸಿಪ್ಪೆ ಎದ್ದ ಕಡೆಯೆಲ್ಲ ಅವೇ ಗೆರೆಗಳು ಎದ್ದುಬಂದವು. ಒಂದು ಮಗ್ಗುಲು ಕಂಬಳಿ, ಇನ್ನೊಂದು ಮಗ್ಗುಲು ಆ ಪಂಡಿತನ ನುಣುಪು. ಒಂದೇ ಚಿಪ್ಪು. ಇನ್ನು ವಾದಕ್ಕೆ ಜಾಗವಿರಲಿಲ್ಲ.

ಲೇಖನದ ತಲೆಬರಹದಲ್ಲಿದ್ದ ತಾಯಿಯ ಹೆಸರಿನ ಮೇಲೆ ಗೆರೆ ಎಳೆದಳು. ಕಾಗದ ಹರಿಯಿತು. ಹೊಸ ಹಾಳೆಯ ಮೇಲೆ ಹಳೆಯ ಹೆಸರನ್ನೇ ಬರೆದು, ‘ಈ ಹುಳುವಿಗೆ ಕೂದಲಿದೆ. ಹೆಸರಿಟ್ಟವರು ಇದನ್ನು ಜೀವಂತವಾಗಿ ನೋಡಿರಲಿಲ್ಲ’ ಎಂದು ಶುರುಮಾಡಿದಳು.

ಪಾಲಿಶ್ ಬಾಗಿಲಿನಿಂದಾಚೆ ನಿಂತು ಕೆಮ್ಮಿದ. “ಅತ್ತಿಗೆ, ಬೋರ್ಡಿಗೆ ಏನಂತ ಬರೀಲಿ?”

“ಹಳೇ ಹೆಸರೇ ಬರಿ.”

“ಎರಡಕ್ಕೂ?”

“ಎರಡಕ್ಕೂ.”

“ಹಾಗಾದ್ರೆ... ನನ್ನಿಂದ ಒಂದು ಉಪಕಾರ ಆಯ್ತು ಅನ್ನಿ.”

“ಇನ್ನೊಂದು ಮಾತಾಡಿದ್ರೆ ಅದೇ ಬ್ಲೀಚಲ್ಲಿ ನಿನ್ನನ್ನೇ ನೆನೆಹಾಕ್ತೀನಿ. ನಡಿ!”

ಅವನು ಕಾಲಿಗೆ ಬುದ್ಧಿ ಹೇಳಿದ. ಶಂಖದಮ್ಮ ಉಳಿದೆರಡು ಹುಳುಗಳ ಬಾಟಲಿಗಳನ್ನು ಹಳೆಯ ಹೆಸರಿನ ಡ್ರಾಯರಿನಲ್ಲಿಟ್ಟು, ಅದನ್ನು ಸೊಂಟದಿಂದ ಗುದ್ದಿ ಮುಚ್ಚಿದಳು. ಗೋಡೆಯುದ್ದಕ್ಕೂ ಸಾಲಾಗಿದ್ದ ಬಾಟಲಿಗಳೆಲ್ಲ ಒಮ್ಮೆ ಗಲಗಲ ಅಂದವು.