ಎಣ್ಣೆ ಬಾವಿಯ ನಂಜುಂಡಯ್ಯನವರು

ನಂಜುಂಡಯ್ಯನವರು ಒಬ್ಬರೇ ಇದ್ದಾಗಲೂ ಕೂಗಿಯೇ ಮಾತಾಡುತ್ತಿದ್ದರು. ಸಮುದ್ರದ ನಡುವೆ ಎಣ್ಣೆ ಬಾವಿ ಕೊರೆಯುವ ರಿಗ್ಗಿನ ಮೇಲೆ, ಯಂತ್ರಗಳ ಗದ್ದಲದಲ್ಲಿ ಅರ್ಧ ಆಯುಸ್ಸು ಕಳೆದವರು. ಅವರ ಕಿವಿ ಮಂದವಾಗಿತ್ತು. ಲೋಕದ ಕಿವಿಯೂ ಹಾಗೇ ಇರಬೇಕೆಂದು ಅವರು ನಂಬಿದ್ದರು. ಬೆಳಿಗ್ಗೆ ಪೇಪರ್ ಬಿಡಿಸಿದೊಡನೆ ಪೆಟ್ರೋಲಿನ ಬೆಲೆಗೊಂದು ಬೈಗುಳ, ದಿಲ್ಲಿಯವರಿಗೊಂದು ಬೈಗುಳ, ಅದೂ ಅಪ್ಪಟ ತಿ. ನರಸೀಪುರದ ಕನ್ನಡದಲ್ಲಿ. ಮದರಾಸಿನ ಮಾಧವರಂನ ಆ ಬೀದಿಯಲ್ಲಿ ಕನ್ನಡ ಬರುತ್ತಿದ್ದ ಮನೆ ಅದೊಂದೇ. ಎಲ್ಲರಿಗೂ ಅವರ ದನಿ ಗೊತ್ತಿತ್ತು, ಮಾತು ಯಾರಿಗೂ ಗೊತ್ತಿರಲಿಲ್ಲ. ಎದುರು ಮನೆಯಾಕೆ ಒಮ್ಮೆ ನನ್ನ ಹೆಂಡತಿ ಸುಮಳನ್ನು ಕರೆದು, ಅವರು ದಿನಾ ಯಾರ ಜೊತೆ ಜಗಳ ಆಡುತ್ತಾರೆ ಎಂದು ತಮಿಳಿನಲ್ಲಿ ಕೇಳಿದ್ದರಂತೆ. ಮನೆಯಲ್ಲಿ ಅವರನ್ನು ಬಿಟ್ಟು ಇನ್ನೊಬ್ಬರಿಲ್ಲ ಎನ್ನಲು ಸುಮಳಿಗೆ ಬಾಯಿ ಬರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ತುಮಕೂರಿನಿಂದ ಬಂದು ಅವರ ಮಹಡಿಯ ಮನೆಗೆ ಬಾಡಿಗೆಗೆ ಸೇರಿದೆವು. ಮನೆ ತೋರಿಸಿದ ಮೇಲೆ ಅವರು ನನ್ನ ಕೆಲಸ ಕೇಳಿದರು. ಗಾಳಿಯಿಂದ ಕರೆಂಟ್ ತೆಗೆಯುವ ಯಂತ್ರ ನಿಲ್ಲಿಸುವ ಕಂಪನಿ ಎಂದೆ. ಕಿವಿಗೆ ಕೈ ಹಚ್ಚಿ ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಯ್ಯೋ ಶಿವನೇ! ಹೋಗೀ ಹೋಗಿ ಗಾಳಿ ಮಾರೋನಿಗೆ ಮನೆ ಕೊಟ್ನಲ್ಲ. ಏನಯ್ಯಾ, ಆಡಿ ಮಾಸದಲ್ಲಿ ಬೀಸ್ತದೆ, ಸರಿ. ಮಾರ್ಗಳಿ ಚಳೀಲಿ ಏನ್ ಮಾಡ್ತೀಯ? ಬೀಸಣಿಗೆ ಹಿಡ್ಕೊಂಡು ನಿಂತ್ಕೊತೀಯ?"

ಅಲ್ಲಿಂದ ಶುರುವಾದ ವಾದ ಏಳೆಂಟು ವರ್ಷ ನಡೆಯಿತು. ಸಂಜೆ ನಾನು ಕೆಲಸದಿಂದ ಬಂದು ಮುಖ ತೊಳೆಯುವುದರೊಳಗೆ ಅವರು ತಾರಸಿಯ ಮೇಲೆ ಎರಡು ಕುರ್ಚಿ ಹಾಕಿ ಕಾಯುತ್ತಿದ್ದರು. ಅಲ್ಲಿಂದ ಮಣಲಿಯ ಎಣ್ಣೆ ಶುದ್ಧೀಕರಣದ ಕಾರ್ಖಾನೆಯ ಕೊಳವೆ ತುದಿಯ ಬೆಂಕಿ ಕಾಣುತ್ತಿತ್ತು. ಆ ಕಡೆಯಿಂದ ಗಾಳಿ ತಿರುಗಿದರೆ ಕೊಳೆತ ಮೊಟ್ಟೆಯ ವಾಸನೆ ಬಂದು ನಾವು ಕಿಟಕಿ ಮುಚ್ಚಿಕೊಳ್ಳುತ್ತಿದ್ದೆವು. ಅವರು ಮಾತ್ರ ಮದುವೆ ಮನೆಯ ಅಡಿಗೆ ವಾಸನೆ ಹಿಡಿದವರ ಹಾಗೆ ಉಸಿರೆಳೆದುಕೊಂಡು, "ನೋಡು, ಕೆಲಸ ನಡೀತಾ ಇದೆ" ಎನ್ನುತ್ತಿದ್ದರು.

ಅಲ್ಲಿ ಶುದ್ಧವಾಗುವ ಎಣ್ಣೆಯಲ್ಲಿ ಹೆಚ್ಚಿನದು ಹೊರದೇಶದಿಂದ ಹಡಗಿನಲ್ಲಿ ಬರುತ್ತದೆ ಎಂಬುದು ಅವರ ಹೊಟ್ಟೆಯುರಿ. ನಮ್ಮ ನೆಲದಲ್ಲೇ, ನಮ್ಮ ಕಡಲಲ್ಲೇ ಕೊರೆಯಬೇಕು ಎಂಬುದು ಅವರ ಹಟ. ಮದರಾಸಿನವರಿಗೆ ಅದನ್ನು ಹೇಗೆ ಹೇಳಬೇಕೋ ಹಾಗೇ ಹೇಳುತ್ತಿದ್ದರು. "ನೀರಿನ ಲಾರಿ ಬಂದಾಗ ಬೀದೀಲಿ ನೋಡಿದೀಯಲ್ಲ, ಪ್ಲಾಸ್ಟಿಕ್ ಕೊಡಂ ಹಿಡ್ಕೊಂಡು ಹೆಂಗ್ ಬಡಿದಾಡ್ತಾರೆ? ಎಣ್ಣೆಗೂ ನಾವು ಹಂಗೇ ನಿಂತಿದೀವಿ. ಲಾರಿಯೋನು ಬರ್ಲಿಲ್ಲ ಅಂದ್ರೆ? ಮನೇಲಿ ಬೋರ್ ಇದ್ರೆ ಯಾರಿಗೂ ಸಲಾಂ ಹೊಡಿಯೋ ಹಂಗಿಲ್ಲ."

"ಬೋರು ಬತ್ತಿ ಹೋದ್ರೆ ಸಾರ್?" ಎಂದು ನಾನು ಕೇಳುತ್ತಿದ್ದೆ. ಆ ವರ್ಷಗಳಲ್ಲಿ ನಮ್ಮ ಬೀದಿಯ ಬೋರುಗಳು ಒಂದೊಂದಾಗಿ ಬತ್ತುತ್ತಲೇ ಇದ್ದವು. "ಗಾಳಿ, ಬಿಸಿಲು ಬತ್ತಲ್ಲ. ಹೊಗೆಯೂ ಇಲ್ಲ. ಈ ವಾಸನೆಯೂ ಇಲ್ಲ."

"ಬತ್ತೋವರ್ಗೂ ಕುಡಿಬೇಕಲ್ಲಯ್ಯ!"

ಕರೆಂಟ್ ಹೋದರೆ ಕೆಳಗಿನಿಂದ "ಏನಯ್ಯಾ, ಗಾಳಿ ನಿಂತೋಯ್ತಾ?" ಎಂದು ಕೂಗುತ್ತಿದ್ದರು. ತಾರಸಿಯ ಮೇಲೆ ಬಿಸಿಲಿನಿಂದ ನೀರು ಕಾಯಿಸುವ ಹೀಟರ್ ಹಾಕಿಸೋಣ ಎಂದು ನಾನು ಕೇಳಿದಾಗ ನಲ್ಲಿ ತಿರುಗಿಸಿ ನನ್ನ ಕೈ ಅದರ ಕೆಳಗೆ ಹಿಡಿಸಿದರು. ಏಪ್ರಿಲ್ ಮಧ್ಯಾಹ್ನದ ನೀರು ಚುರ್ರೆಂದಿತು. "ತಣ್ಣೀರು ಮಾಡೋ ಮಿಷನ್ ಇದ್ರೆ ತಗೊಂಬಾ, ಹಾಕ್ಸೋಣ" ಎಂದರು. ಒಮ್ಮೆ ನಮ್ಮ ಗ್ಯಾಸ್ ಸಿಲಿಂಡರ್ ಮುಗಿದು, ಹೊಸದು ಬರಲು ತಡವಾಯಿತು. ಅವರು ತಮ್ಮ ಸಿಲಿಂಡರನ್ನು ತಾವೇ ಉರುಳಿಸಿಕೊಂಡು ಮೆಟ್ಟಿಲ ಬುಡಕ್ಕೆ ತಂದರು. ರಾತ್ರಿ ಊಟಕ್ಕೆ ಕರೆದರೆ ಬಂದು ಕೂತು, "ಎಣ್ಣೆಯವನ ಗ್ಯಾಸಲ್ಲಿ ಬೆಂದ ಸಾರು ಇವನ ಗಂಟಲಲ್ಲಿ ಇಳೀತದೇನಮ್ಮಾ?" ಎಂದು ಸುಮಳನ್ನು ವಿಚಾರಿಸಿದರು. ಇಳಿಯಿತು. ನಾನು ಎರಡು ಸಲ ಬಡಿಸಿಕೊಂಡೆ.

ಸುಮ ಅವರ ಮನೆಯೊಳಗೆ ಹೋದಾಗ ಒಂದು ಸಂಗತಿ ಗಮನಿಸಿದ್ದಳು. ಅವರ ಬಟ್ಟೆ ಬೀರುವಿನಲ್ಲಿರಲಿಲ್ಲ. ನಿವೃತ್ತಿಯಾಗಿ ಎಷ್ಟೋ ಕಾಲವಾಗಿದ್ದರೂ ಅಂಗಿ, ಪಂಚೆ, ಶೇವಿಂಗ್ ಸಾಮಾನು ಎಲ್ಲ ಒಂದು ಕ್ಯಾನ್ವಾಸ್ ಚೀಲದಲ್ಲಿ, ಮಂಚದ ಕೆಳಗೆ. ಒಗೆದು ಮಡಚಿದ್ದೂ ಮತ್ತೆ ಚೀಲಕ್ಕೇ ಹೋಗುತ್ತಿತ್ತು. ರಿಗ್ಗಿನ ಕೆಲಸ ಎಂದರೆ ಹದಿನಾಲ್ಕು ದಿನ ಕಡಲಲ್ಲಿ, ಹದಿನಾಲ್ಕು ದಿನ ಮನೆಯಲ್ಲಿ. ಮನೆಯಲ್ಲಿ ಅದಕ್ಕಿಂತ ಹೆಚ್ಚು ಇರುವುದು ಅವರಿಗೆ ಅಭ್ಯಾಸವೇ ಆಗಲಿಲ್ಲ. ಸಕ್ಕರೆ ಡಬ್ಬ ಯಾವುದು, ಮನೆಯ ಯಾವ ಸ್ವಿಚ್ಚು ಯಾವ ದೀಪದ್ದು ಎಂದು ಈಗಲೂ ತಡಕಾಡುತ್ತಿದ್ದರು. ಬೀರು ಖಾಲಿ ಇದೆಯಲ್ಲ ಎಂದು ಸುಮ ಕೇಳಿದ್ದಕ್ಕೆ, "ಅದು ಜಯಮ್ಮಂದು ಕಣಮ್ಮ" ಎಂದರಂತೆ. ಜಯಮ್ಮ ಅವರ ಹೆಂಡತಿ. ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು.

ಒಂದು ವರ್ಷ ಯುಗಾದಿ ಕಳೆದು ವಾರದ ಮೇಲಾಗಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ನಂಜುಂಡಯ್ಯನವರು ಎಣ್ಣೆ ಸ್ನಾನ ಮಾಡಿ, ಹೊಸ ಪಂಚೆ ಉಟ್ಟು, ಬಟ್ಟಲಲ್ಲಿ ಬೇವು ಬೆಲ್ಲ ಹಿಡಿದು ನಿಂತಿದ್ದರು. ಮುದುಕರಿಗೆ ಮರೆವು ಹಿಡಿಯಿತೇ ಎಂದು ನನಗೆ ಗಾಬರಿ. ಅವರು ನನ್ನ ಮುಖ ನೋಡಿ ನಕ್ಕರು.

"ಗೊತ್ತು ಕಣಯ್ಯ, ಆಗೋಗಿದೆ. ನಮ್ಮನೇಲಿ ಯಾವತ್ತೂ ಪಂಚಾಂಗದ ಯುಗಾದಿ ಮಾಡಿಲ್ಲ. ನಾನು ರಿಗ್ಗಿಂದ ಇಳಿದು ಬಂದ ದಿನಾನೇ ಯುಗಾದಿ, ನಾನು ಬಂದ ದಿನಾನೇ ದೀಪಾವಳಿ. ಜಯಮ್ಮ ಅಕ್ಕಪಕ್ಕದೋರ ಪಟಾಕಿ ಸದ್ದು ಕೇಳ್ಕೊಂಡು ಸುಮ್ನೆ ಕೂತಿರೋಳು. ಮಗಳು ಗಿರಿಜ ಅಳೋಳು. ಅಪ್ಪ ಬರ್ಲಿ, ಆಮೇಲೆ ನಮ್ದು ಅಂತ ಅವಳಿಗೆ ಹೇಳೋಳು ಜಯಮ್ಮ."

ಬಟ್ಟಲನ್ನು ಸುಮಳ ಕೈಗೆ ಕೊಟ್ಟು ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತರು. ಜಯಮ್ಮನ ಸಾವಿನ ಸಂಗತಿ ನಮಗೆ ತಿಳಿದದ್ದು ಆವತ್ತೇ. ಆಕೆಗೆ ಎದೆನೋವು ಬಂದಾಗ ಅವರು ಮುಂಬಯಿ ಕಡೆಯ ಕಡಲಿನಲ್ಲಿದ್ದರು. ಮಳೆಗಾಲ. ವೈರ್‌ಲೆಸ್‌ನಲ್ಲಿ ಸುದ್ದಿ ಬಂತು, ಹೆಲಿಕಾಪ್ಟರ್ ಬರಲಾಗಲಿಲ್ಲ. ಗಾಳಿ ಇಳಿಯುವವರೆಗೆ ರಿಗ್ಗಿನ ಮೇಲೆಯೇ ನಿಂತಿದ್ದು, ಆಮೇಲೆ ವಿಮಾನ ಹಿಡಿದು ಮನೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಜಯಮ್ಮನ ತಮ್ಮ ಬಂದು ಕೊಳ್ಳಿ ಇಟ್ಟಿದ್ದ. ಗಿರಿಜಳಿಗೆ ಆಗ ಹದಿನಾರೋ ಹದಿನೇಳೋ.

"ಎಲ್ಲಾ ಹಬ್ಬಕ್ಕೂ ಕಾದ್ಲು ಕಣಮ್ಮ. ಇದೊಂದಕ್ಕೆ ಕಾಯೋಕ್ಕಾಗ್ಲಿಲ್ಲ ಅವಳಿಗೆ" ಎಂದು ಸುಮಳಿಗೆ ಹೇಳಿದರು. ಸುಮ ಅತ್ತುಬಿಟ್ಟಳು. ನಾನು ಬೇವು ಬೆಲ್ಲ ಬಾಯಿಗೆ ಹಾಕಿಕೊಂಡೆ.

ಮಗಳು ಗಿರಿಜ ಇದ್ದದ್ದು ಇದೇ ಊರಿನ ಅಣ್ಣಾನಗರದಲ್ಲಿ. ತಿಂಗಳಿಗೊಮ್ಮೆ ಬಂದು ಔಷಧಿ, ಹಣ್ಣು ಇಟ್ಟು ಹೋಗುತ್ತಿದ್ದಳು. ಕರ್ತವ್ಯದಲ್ಲಿ ಒಂದು ಚೂರೂ ಕಡಿಮೆ ಮಾಡಿದವಳಲ್ಲ. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ, ಎರಡೇ ಮಾತಿನಲ್ಲಿ ಉತ್ತರ. ಒಂದು ಭಾನುವಾರ ತಾರಸಿಯ ಮೇಲೆ ನಮ್ಮ ವಾದ ಜೋರಾಗಿದ್ದಾಗ ಅವಳು ಒಣಗಿದ ಬಟ್ಟೆ ತೆಗೆಯಲು ಬಂದಳು. ನಂಜುಂಡಯ್ಯನವರಿಗೆ ಹುಮ್ಮಸ್ಸು ಬಂದು, "ನಾವು ಕೊರೀದೆ ಇದ್ದಿದ್ರೆ ಈ ದೇಶದಲ್ಲಿ ಬಸ್ಸು ಓಡ್ತಿರ್ಲಿಲ್ಲ, ಅಲ್ವೇನಮ್ಮಾ?" ಎಂದು ಅವಳನ್ನೂ ಎಳೆದರು. ಅವಳು ಆ ದಿನ ಕನ್ನಡದಲ್ಲೇ ಹೇಳಿದಳು:

"ಓಡ್ದೆ ಇದ್ರೆ ನಡ್ಕೊಂಡು ಹೋಗ್ತಿದ್ವಿ ಅಪ್ಪಾ. ನೀವಾದ್ರೂ ಮನೇಲಿರ್ತಿದ್ರಿ."

ಬಟ್ಟೆ ತೋಳಿನ ಮೇಲೆ ಹಾಕಿಕೊಂಡು ಇಳಿದುಹೋದಳು. ಅವರು ನನ್ನ ಕಡೆ ತಿರುಗಿ, ನಾನು ಗಾಳಿಯಂತ್ರದ ಬಗ್ಗೆ ಏನು ಹೇಳುತ್ತಿದ್ದೆ ಎಂದು ಕೇಳಿದರು. ಅವರು ನಿಜವಾಗಿ ವಾದಿಸುತ್ತಿದ್ದುದು ನನ್ನೊಡನೆಯಲ್ಲ ಎಂದು ನನಗೆ ಆಗ ಹೊಳೆಯಿತು. ದೇಶಕ್ಕೆ ಆ ಎಣ್ಣೆ ಬೇಕಾಗಿತ್ತು ಎಂದಾದರೆ ಮಾತ್ರ ಅವರು ಮನೆಯಲ್ಲಿ ಇಲ್ಲದ್ದಕ್ಕೆ ಒಂದು ಅರ್ಥವಿತ್ತು. ಗಾಳಿಯೇ ಸಾಕಿತ್ತು, ಬಿಸಿಲೇ ಸಾಕಿತ್ತು ಎಂದು ನಾನು ಗೆದ್ದರೆ ಅವರಿಗೆ ಏನು ಉಳಿಯುತ್ತಿತ್ತು?

ಮುಂದಿನ ವರ್ಷ, ನಮ್ಮ ಮಗಳು ಇನ್ನೂ ಚಿಕ್ಕವಳಿದ್ದಾಗ, ಕಂಪನಿ ನನ್ನನ್ನು ಕನ್ಯಾಕುಮಾರಿ ಕಡೆಯ ಆರಲ್ವಾಯ್ಮೊಳಿ ಕಣಿವೆಗೆ ಹಾಕಿತು. ಗಾಳಿಯ ಕಾಲದಲ್ಲಿ ಅಲ್ಲೇ ಇರಬೇಕು. ತಿಂಗಳಲ್ಲಿ ಮೂರು ವಾರ ಅಲ್ಲಿ, ಒಂದು ವಾರ ಮನೆ. ಸಂಬಳ ಹೆಚ್ಚು, ಹುದ್ದೆ ದೊಡ್ಡದು. ನನ್ನ ಮಟ್ಟಿಗೆ ಅದು ದೊಡ್ಡ ಗೆಲುವು. ಕೆಳಗೆ ಹೋಗಿ ಹೇಳಿದೆ. ತಮಾಷೆ ಮಾಡುತ್ತಾರೆ ಎಂದುಕೊಂಡಿದ್ದರೆ ಅವರು ರೇಗಿದರು.

"ಗಾಳಿ ಆದ್ರೇನು, ಎಣ್ಣೆ ಆದ್ರೇನೋ? ಮನೇಲಿರೋರಿಗೆ ಎರಡೂ ಒಂದೇ. ನಿಂದು ಹೊಗೆ ಇಲ್ಲದ ಕರೆಂಟು, ಒಪ್ಪಿದೆ. ನಿನ್ನ ಮಗು ಅಪ್ಪ ಎಲ್ಲಿ ಅಂತ ಕೇಳಿದ್ರೆ ಅದನ್ನ ಹೇಳ್ತಾಳಾ ಸುಮ?"

ಆ ಮನೆಯಲ್ಲಿದ್ದ ಏಳೆಂಟು ವರ್ಷದಲ್ಲಿ ಅವರು ನನ್ನ ಮಾತು ಒಪ್ಪಿದ್ದು ಅದೊಂದೇ ಸಲ, ಅದೂ ಬೈಯುವ ಭರದಲ್ಲಿ. ಒಂದು ಗಾಳಿಯ ಕಾಲ ನಾನು ಹೋಗಿ ಬಂದೆ. ಮನೆಗೆ ಬಂದಾಗ ಮಗಳು ಅನು ಸುಮಳ ಸೆರಗಿನ ಹಿಂದೆ ನಿಂತು ನನ್ನನ್ನು ನೋಡಿದಳು. ಮಾರನೇ ವಾರ ಕಚೇರಿಗೆ ಹೋಗಿ ಮದರಾಸಿನ ಕೆಲಸವನ್ನೇ ಕೊಡಿ ಎಂದು ಕೇಳಿಕೊಂಡೆ. ಜೊತೆಯವರು ನಕ್ಕರು. ನನಗೆ ಇವತ್ತಿಗೂ ಬೇಸರವಿಲ್ಲ. ಆ ಬೈಗುಳ ತಿನ್ನದೇ ಇದ್ದಿದ್ದರೆ ನಾನು ಏನಾಗುತ್ತಿದ್ದೆನೋ ಗೊತ್ತಿಲ್ಲ.

ನಂಜುಂಡಯ್ಯನವರು ಸ್ನಾನದ ಮನೆಯಲ್ಲಿ ಜಾರಿಬಿದ್ದ ಮೇಲೆ ಗಿರಿಜ ಅವರನ್ನು ತನ್ನ ಮನೆಗೆ ಕರೆದೊಯ್ದಳು. ನಾವೂ ಬೇರೆ ಕಡೆ ಮನೆ ಮಾಡಿದೆವು. ಅವರು ತೀರಿಕೊಂಡದ್ದು ಅದೇ ವರ್ಷ, ದೀಪಾವಳಿ ಹೊತ್ತಿನ ಐಪ್ಪಸಿ ಮಳೆಯಲ್ಲಿ. ಅದಕ್ಕೆ ಸ್ವಲ್ಪ ಮುಂಚೆ ನಾನು ಅಣ್ಣಾನಗರಕ್ಕೆ ಹೋಗಿದ್ದೆ. ಮೂರನೇ ಮಹಡಿಯ ಫ್ಲ್ಯಾಟು, ನೀಟಾಗಿತ್ತು. ಕಿಟಕಿಯ ಪಕ್ಕ ಕೂರಿಸಿದ್ದರು. ಅವರನ್ನು ಕೆರಳಿಸಬೇಕೆಂದೇ ನಾನು, "ಸಾರ್, ನಮ್ಮ ಹೊಸ ಯಂತ್ರಗಳು ಹಳೇದರ ಎರಡರಷ್ಟು ಎತ್ತರ. ಇನ್ನು ನಿಮ್ಮ ಬಾವಿ ಮುಚ್ಚಬೇಕಾದೀತು" ಎಂದೆ.

"ಒಳ್ಳೇದಾಯ್ತು ಬಿಡಯ್ಯ" ಎಂದರು. "ನೀನು ಹೇಳಿದ್ದೇ ಸರಿ ಅನ್ಸತ್ತೆ."

ಇಷ್ಟು ಸುಲಭದ ಗೆಲುವು ನನಗೆ ಬೇಕಿರಲಿಲ್ಲ. ಅವರು ಬಿಟ್ಟುಕೊಟ್ಟದ್ದನ್ನು ನಾನೇ ಎತ್ತಿಕೊಂಡು ವಾದಕ್ಕೆ ನಿಂತೆ. "ಹೆಂಗ್ ಸರಿ ಸಾರ್? ಮಾರ್ಗಳೀಲಿ ಗಾಳಿ ಎಲ್ಲಿರತ್ತೆ? ಆಸ್ಪತ್ರೆ ಜನರೇಟರ್ ಯಾವುದರಲ್ಲಿ ಓಡತ್ತೆ? ಸುಮ ಇಷ್ಟು ವರ್ಷ ಅಡಿಗೆ ಮಾಡಿದ್ದು ಯಾವುದರಲ್ಲಿ? ನಾಳೆ ನಮ್ಮದು ಬರಬಹುದು. ಅಲ್ಲೀವರೆಗೆ ನಿಮ್ಮಂಥೋರು ಕಡಲಲ್ಲಿ ನಿಂತು ತೆಗೀದೇ ಇದ್ದಿದ್ರೆ ನಾವು ಬದುಕ್ತಿದ್ವಾ? ಬೇಕಾಗಿತ್ತು ಸಾರ್. ನೀವು ಮಾಡಿದ್ದು ಬೇಕಾಗಿತ್ತು."

ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಕೇಳಿಸಲಿಲ್ಲವೇನೋ ಎಂದು ನಾನು ಅವರ ಕಿವಿಯ ಹತ್ತಿರ ಹೋದೆ. ಅವರು ನನ್ನನ್ನು ಕೈಯಿಂದ ಪಕ್ಕಕ್ಕೆ ಸರಿಸಿ ಅಡಿಗೆಮನೆಯ ಕಡೆ ನೋಡಿದರು.

"ನಂಗೆ ಕೇಳಿಸ್ತು. ಇನ್ನೊಂದ್ಸಲ ಜೋರಾಗಿ ಹೇಳು. ಗಿರಿಜಂಗೆ ಕೇಳ್ಬೇಕು."

ಹೇಳಿದೆ. ಅಕ್ಕಪಕ್ಕದ ಮನೆಗೂ ಕೇಳುವ ಹಾಗೆ ಕೂಗಿ ಹೇಳಿದೆ. ಒಳಗೆ ಪಾತ್ರೆಯ ಸದ್ದು ನಿಂತಿತು. ಗಿರಿಜ ಕಾಫಿ ತಂದು ಅಪ್ಪನ ಕೈಗೆ ಕೊಟ್ಟು, ಲೋಟ ಅಲುಗದಂತೆ ತನ್ನ ಕೈಯನ್ನೂ ಅದರ ಮೇಲೆ ಇಟ್ಟುಕೊಂಡಳು. "ಕೇಟ್ಟುದುಪ್ಪಾ" ಎಂದಳು. ಕೇಳಿಸಿತು ಅಪ್ಪಾ, ಅಷ್ಟೇ. ಸರಿ ಎಂದೂ ಹೇಳಲಿಲ್ಲ, ತಪ್ಪು ಎಂದೂ ಹೇಳಲಿಲ್ಲ. ಅವರು ಇನ್ನೇನಾದರೂ ಹೇಳುತ್ತಾಳೆಯೇ ಎಂದು ಅವಳ ಮುಖವನ್ನೇ ನೋಡುತ್ತಿದ್ದರು. ಕಾಫಿ ಆರುತ್ತಿತ್ತು.