ಸಿಡ್ನಿ ಟೆಸ್ಟ್ ಮುಗಿಯುವವರೆಗೆ

ನನ್ನ ತಮ್ಮ ಮೈಲಾರೆಪ್ಪ ಬ್ಯಾಡಗಿಯ ಮೆಣಸಿನಕಾಯಿ ಯಾರ್ಡಿನಲ್ಲಿ ಮೂವತ್ತಾರು ವರ್ಷ ಚೀಲ ಹೊತ್ತ ಹಮಾಲ. ನನ್ನ ಗಂಡ ತೀರಿದ ಮೇಲೆ ನಾನು ಕುಪ್ಪೇಲೂರಿನಿಂದ ಬಂದು ಅವನ ಜೊತೆಗೇ ಉಳಿದೆ. ಅವನ ಹೆಂಡತಿ ಆಗಲೇ ತೀರಿಕೊಂಡಿದ್ದಳು. ಮನೆಯಲ್ಲಿ ನಾವಿಬ್ಬರು, ಮೂರನೆಯದು ಟಿವಿ.

ಕ್ರಿಕೆಟ್ ಅಂದರೆ ಅವನಿಗೆ ಐದು ದಿನದ ಟೆಸ್ಟ್ ಒಂದೇ. 2007ರಲ್ಲಿ ಇಪ್ಪತ್ತು ಓವರಿನ ಆಟದಲ್ಲಿ ನಮ್ಮವರು ಕಪ್ ಗೆದ್ದಾಗ ಓಣಿಯವರೆಲ್ಲ ಪಟಾಕಿ ಹಚ್ಚಿದರು. ಇವನು ಮಾತ್ರ ಬಾಗಿಲು ಹಾಕಿಕೊಂಡ. "ಮೂರು ತಾಸಿನ್ಯಾಗ ಮುಗಿಯೋದು ಆಟಲ್ಲಕ್ಕಾ, ಸಂತಿ ಅದು" ಅಂದ. ಸಿಕ್ಸರ್ ಹೊಡೆಯುವವರನ್ನು ಕಂಡರೆ ಅವನಿಗಾಗದು. ಇಡೀ ದಿನ ನಿಂತು ಚೆಂಡು ತಡೆಯುವವರನ್ನು ನೋಡುತ್ತ ಊಟ ಮರೆಯುತ್ತಿದ್ದ. "ಹೊಡೆಯೋದು ಏನು ದೊಡ್ಡದು? ತಡಕೊಂಡು ನಿಲ್ಲಬೇಕು" ಅನ್ನುತ್ತಿದ್ದ.

ಅವನ ಹಮಾಲರ ಗ್ಯಾಂಗಿನಲ್ಲಿ ಒಂದು ರೂಢಿ ಇತ್ತು. ವಯಸ್ಸಾದ ಹಮಾಲನಿಗೆ "ನಿನ್ನ ಕೈಲಿ ಆಗೋದಿಲ್ಲ, ಬಿಡು" ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೆಲಸವಿಲ್ಲದ ದಿನ ಗ್ಯಾಂಗಿನ ಮುಖಂಡನಾದ ಮುಕಾದಮ ಮನೆಗೆ ಬರುತ್ತಾನೆ, ಚಹಾ ಕುಡಿಯುತ್ತಾನೆ. ಹೊರಡುವಾಗ "ನಿನ್ನ ಕೊಕ್ಕಿ ಕೊಡು, ಸಾಣಿ ಹಿಡಿಸಿ ಕೊಡತೀನಿ" ಅನ್ನುತ್ತಾನೆ. ಚೀಲ ಹಿಡಿದೆತ್ತುವ ಆ ಕಬ್ಬಿಣದ ಕೊಕ್ಕೆ ಹಾಗೆ ಒಯ್ದರೆ ಮರಳಿ ಬರುವುದಿಲ್ಲ. ಕೊಕ್ಕೆ ಇಲ್ಲದವನ ಬೆನ್ನಿಗೆ ಯಾರೂ ಚೀಲ ಏರಿಸುವುದಿಲ್ಲ.

ಆ ಡಿಸೆಂಬರಿನಲ್ಲಿ ಮೈಲಾರೆಪ್ಪ ಲಾರಿಗೆ ಹಾಕಿದ ಹಲಗೆಯ ಮೇಲಿಂದ ಚೀಲದ ಸಮೇತ ಎರಡು ಸಲ ಬಿದ್ದಿದ್ದ. 2008ರ ಜನವರಿಯ ಮೊದಲ ಶನಿವಾರ, ಸಿಡ್ನಿಯಲ್ಲಿ ಟೆಸ್ಟ್ ನಡೆಯುತ್ತಿದ್ದಾಗ, ಮುಕಾದಮ ಮಕ್ತುಮಸಾಬ ಬಾಗಿಲಲ್ಲಿ ನಿಂತಿದ್ದ.

"ಬಾರೋ ಸಾಬ, ಕುಂದ್ರು. ಮ್ಯಾಚ್ ನಡದೈತಿ" ಅಂದ ಮೈಲಾರೆಪ್ಪ. ಕೊಕ್ಕೆ ಗೋಡೆಯ ಗೂಟಕ್ಕೆ ತೂಗುತ್ತಿತ್ತು. ಇಬ್ಬರೂ ಆ ಕಡೆ ನೋಡಲಿಲ್ಲ.

ಆಸ್ಟ್ರೇಲಿಯಾದವರು ಹೊಡೆದೇ ಹೊಡೆದರು. ಮೈಲಾರೆಪ್ಪ ಅಂಪೈರನನ್ನು ಬೈದೇ ಬೈದ.

"ಇಂವನ ಕಣ್ಣಾಗ ಖಾರಪುಡಿ ಬಿದ್ದೈತೇನು?"

"ನಮ್ಮ ಬ್ಯಾಡಗೀದು ಬಿದ್ದಿರಾಕಿಲ್ಲ ಅಣ್ಣಾ, ಇದು ಬರೇ ಬಣ್ಣ, ಖಾರಿಲ್ಲ. ಗುಂಟೂರಿಂದು ಬಿದ್ದಿರಬೇಕು" ಅಂದ ಮಕ್ತುಮಸಾಬ. ಇಬ್ಬರೂ ನಕ್ಕರು.

ಆಮೇಲೆ ಮೈಲಾರೆಪ್ಪ ಮೊದಲ ದಿನದ ಮಾತು ತೆಗೆದ. ಬ್ಯಾಟಿಗೆ ತಾಗಿ ಕ್ಯಾಚಾದರೂ ಅವರ ಆಟಗಾರನೊಬ್ಬ ಅಲ್ಲೇ ನಿಂತಿದ್ದನಲ್ಲ, ಆ ಸಿಟ್ಟು. "ಔಟಾದಂವ ಅಂಪೈರನ ಬಟ್ಟು ನೋಡಬಾರದೋ. ತಾನಾಗೇ ನಡೀಬೇಕು. ಮರ್ಯಾದಿ ಅಂದ್ರ ಅದು."

ಮಕ್ತುಮಸಾಬ ಚಹಾದ ಕಪ್ಪಿನೊಳಗೆ ನೋಡುತ್ತ ಕೂತ. ತಾನೇನು ಅಂದೆ ಎಂದು ಮೈಲಾರೆಪ್ಪನಿಗೂ ತಿಳಿದಿರಬೇಕು, ಟಿವಿಯ ಸದ್ದು ಜೋರು ಮಾಡಿದ. ಆ ದಿನದ ಆಟ ಮುಗಿದ ಮೇಲೆ ಮಕ್ತುಮಸಾಬ "ನಾಳಿ ಬರತೀನಿ" ಎಂದು ಬರಿಗೈಯಲ್ಲಿ ಹೋದ.

ಸಂಜೆ ಮೈಲಾರೆಪ್ಪ ನಳದಿಂದ ನೀರಿನ ಕೊಡ ಎತ್ತಲು ಹೋಗಿ ಅರ್ಧದಲ್ಲೇ ಇಳಿಸಿದ. "ಕೊಡ ಸೋರತೈತಿ" ಅಂದ. ಅದು ಸೋರುತ್ತಿರಲಿಲ್ಲ. ನಾನೇ ಎತ್ತಿ ತಂದೆ.

ಭಾನುವಾರ ಕೊನೆಯ ದಿನ. ನಮ್ಮವರು ಗೆಲ್ಲುವುದಂತೂ ದೂರ, ಹೇಗಾದರೂ ನಿಂತು ಉಳಿದರೆ ಸಾಕಿತ್ತು. ಮಕ್ತುಮಸಾಬ ಬಂದು ಕೂತ. ಮೈಲಾರೆಪ್ಪ ಒಳಗೆ ಬಂದು ಸಣ್ಣ ದನಿಯಲ್ಲಿ, "ಅಕ್ಕಾ, ಡ್ರಾ ಆತಂದ್ರ ಅಂವ ಖುಷೀಲೆ ಎದ್ದು ಹೊಕ್ಕಾನ. ಖುಷೀಲೆ ಇದ್ದಾಗ ಕೊಕ್ಕಿ ಕೇಳಾಕ ಅವಗ ಬಾಯಿ ಬರಂಗಿಲ್ಲ. ನಾಳಿ ಸೋಮವಾರ, ಮಾರ್ಕೆಟ್ಟು. ನಾ ಹೊತ್ತು ತೋರಸ್ತೀನಿ" ಅಂದ.

ನಾನು ನಾಲ್ಕು ಸಲ ಚಹಾ ಮಾಡಿದೆ. ಒಬ್ಬರು ಔಟಾದಾಗಲೆಲ್ಲ ಮೈಲಾರೆಪ್ಪ ಮಾತು ಬೆಳೆಸುತ್ತಿದ್ದ. ಟಿವಿಯಲ್ಲಿ ನಮ್ಮ ಕರ್ನಾಟಕದ ನಾಯಕ ಗಟ್ಟಿಯಾಗಿ ನಿಂತಿದ್ದ. ಇನ್ನು ಕೆಲವೇ ನಿಮಿಷ ಉಳಿದಿದ್ದಾಗ ಒಂದೇ ಓವರಿನಲ್ಲಿ ಮೂವರು ಹೋದರು. ಮುಗಿಯಿತು. ನಾಯಕ ಒಬ್ಬನೇ ಔಟಾಗದೆ ಉಳಿದ.

"ಮೋಸ ಆತಣ್ಣಾ" ಅಂದ ಮಕ್ತುಮಸಾಬ.

ಮಕ್ತುಮಸಾಬ ಎದ್ದು ಚಪ್ಪಲಿ ಮೆಟ್ಟಿದ. ಮತ್ತೆ ಕಳಚಿ ಒಳಗೆ ಬಂದ. ನನ್ನ ತಮ್ಮನ ಮುಖ ನೋಡುವುದು ಅವನಿಂದಾಗಲಿಲ್ಲ, ನನ್ನ ಕಡೆ ತಿರುಗಿದ. "ಚೌಡಕ್ಕಾ, ಆ ಕೊಕ್ಕಿ ಕೊಡ್ರಿ. ಸಾಣಿ ಹಿಡಿಸಿ ಕೊಡತೀನಿ."

ಇಲ್ಲ ಅನ್ನಬಹುದಿತ್ತು. ನನ್ನ ಕಣ್ಣಲ್ಲಿ ಆ ನೀರಿನ ಕೊಡ ಇತ್ತು, ಲಾರಿಯ ಹಲಗೆ ಇತ್ತು. ಗೂಟದಿಂದ ತೆಗೆದು ಕೊಟ್ಟುಬಿಟ್ಟೆ. ಮೈಲಾರೆಪ್ಪ ಟಿವಿ ನೋಡುತ್ತಲೇ ಇದ್ದ. ಅದರಲ್ಲಿ ಆಸ್ಟ್ರೇಲಿಯಾದವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿಯುತ್ತಿದ್ದರು.

ಊಟಕ್ಕೆ ಕರೆದಾಗ ಕೇಳಿದ, "ನೀ ಯಾಕ ಕೊಟ್ಟಿ?"

"ಕೇಳಿದ, ಕೊಟ್ಟೆ."

"ನನ್ನ ಕೇಳಿದ್ರ ನಾ ಇಲ್ಲ ಅಂತಿದ್ದೆ. ಇಲ್ಲ ಅಂದೋರ ಕೊಕ್ಕಿ ಸಾಬ ಒಯ್ಯಂಗಿಲ್ಲ. ಇನ್ನೊಂದು ವರ್ಷ ಬಿಡ್ತಿದ್ದ."

ಆ ರೂಢಿ ನನಗೆ ಗೊತ್ತಿತ್ತು. ಅದರ ಈ ಅರ್ಧ ಮಾತ್ರ ಗೊತ್ತಿರಲಿಲ್ಲ.

ಮರುದಿನ ಅವನು ಎಂದಿನಂತೆ ಯಾರ್ಡಿಗೆ ಹೋದ. ಗ್ಯಾಂಗಿನವರು ಎದ್ದು ನಿಂತು ಜಾಗ ಕೊಟ್ಟರಂತೆ, ಮೊದಲ ಚಹಾ ಅವನಿಗೇ ಕೊಟ್ಟರಂತೆ. ಚೀಲ ಮಾತ್ರ ಯಾರೂ ಏರಿಸಲಿಲ್ಲ. ಮೆಣಸಿನಕಾಯಿಯ ಹರಾಜು ಶುರುವಾಗುವ ಮೊದಲೇ ಮನೆಗೆ ಬಂದ.

ಹದಿಮೂರು ದಿನಕ್ಕೆ ನಮ್ಮವರು ಪರ್ತ್‌ನಲ್ಲಿ ಗೆದ್ದರು. ಅವತ್ತೂ ಶನಿವಾರ. ಓಣಿಯಲ್ಲಿ ಕೂಗು ಎದ್ದಿತು. "ಗೆದ್ದಾರಂತಪ್ಪಾ, ಟಿವಿ ಹಚ್ಚಲೇನು?" ಅಂದೆ.

"ಗೆಲ್ಲವಲ್ಲರ್ಯಾಕ, ನನಗೇನು" ಎಂದು ಗೋಡೆಯ ಕಡೆ ಹೊರಳಿ ಮಲಗಿದ. ಹಾಗೆ ಹಗಲು ಮಲಗುವುದನ್ನು ಅವನು ಕಲಿತದ್ದು ಆ ಹದಿಮೂರು ದಿನದಲ್ಲೇ.