ಹೊಳೆಗೆ ಹೋದ ಕದಗಳು

ನಮ್ಮ ಮನೆಯ ಮುಂಬಾಗಿಲ ಮೇಲೆ ಕೆಮ್ಮಣ್ಣಿನಲ್ಲಿ ಬರೆದ ಒಂದು ಅಂಕಿಯಿದೆ. ಬರೆದವರ ಕೈ ಅಷ್ಟೇನೂ ಪಳಗಿರಲಿಲ್ಲವೆಂದು ಕಾಣುತ್ತದೆ. ನಾಲ್ಕರ ಹೊಟ್ಟೆ ಊದಿದೆ, ಎರಡರ ಬಾಲ ಚೌಕಟ್ಟಿನವರೆಗೆ ಜಾರಿದೆ. ಕಳೆದ ದೀಪಾವಳಿಗೆ ಬಣ್ಣ ಹಚ್ಚಲು ಬಂದವರು ಅದನ್ನು ಒರೆಸಲು ಬಟ್ಟೆ ಎತ್ತಿದಾಗ ನಾನು ಅಡ್ಡ ನಿಂತುಬಿಟ್ಟೆ. ಗಣತಿಯ ನಂಬರಿಗೆ ಇಷ್ಟು ಮರ್ಯಾದೆ ಕೊಡುವ ಹೆಂಗಸನ್ನು ಅವರು ಹಾವೇರಿಯಲ್ಲಿ ಬೇರೆಲ್ಲೂ ಕಂಡಿರಲಿಲ್ಲವಂತೆ. ಕಾಣದಿದ್ದುದೇ ಸರಿ, ಏಕೆಂದರೆ ನಾನು ಮಾಡಿದಂಥ ತಪ್ಪನ್ನು ಇಲ್ಲಿ ಬೇರೆ ಯಾರೂ ಮಾಡಿರಲಾರರು.

ಎಂಬತ್ತರ ದಶಕದ ಕೊನೆಯಲ್ಲಿ ಮಂಡಲ ಪಂಚಾಯತಿಯೆಂಬ ಹೊಸ ಏರ್ಪಾಡು ಬಂದಾಗ ನಾನು ರಾಣೆಬೆನ್ನೂರು ತಾಲ್ಲೂಕಿನ ತುಂಗಭದ್ರೆಯ ದಂಡೆಯ ಊರೊಂದರಲ್ಲಿ ಶಾಲಾ ಶಿಕ್ಷಕಿ. ನಮ್ಮ ಸೀಮೆಗೆ ಕಡಲಿಲ್ಲ. ದಂಡೆ ಎಂದರೆ ಹೊಳೆಯ ದಂಡೆಯೇ. ಒಂದೊಂದು ಗುಣದ ನಾಲ್ಕಾರು ಊರುಗಳನ್ನು, ಹಳೆಯ ಸೀರೆಗಳಿಂದ ಕೌದಿ ಹೊಲಿಯುವ ಹಾಗೆ, ಒಂದು ಮಂಡಲವಾಗಿ ಹೊಲಿಯಬೇಕಿತ್ತು. ಮೇಲಿನ ಎರೆಹೊಲದ ಊರು ಮೆಣಸಿನಕಾಯಿ ಬೆಳೆದು ಬ್ಯಾಡಗಿಗೆ ಕಳಿಸುತ್ತಿತ್ತು. ಇನ್ನೊಂದು ಊರಿನ ಗಂಡಸರು ಕುಮಾರಪಟ್ಟಣದ ಕಾರ್ಖಾನೆಯ ಪಾಳಿಗೆ ಹೋಗಿಬರುತ್ತಿದ್ದರು. ಮತ್ತೊಂದರಲ್ಲಿ ಕಂಬಳಿ ನೇಯುತ್ತಿದ್ದರು. ಬಸ್ಸು ನಿಲ್ಲುತ್ತದೆಂಬ ಒಂದೇ ಕಾರಣಕ್ಕೆ ನಮ್ಮೂರು ತನ್ನನ್ನು ರಾಜಧಾನಿಯೆಂದು ತಿಳಿದಿತ್ತು. ಇವೆಲ್ಲದರ ಅಂಚಿಗೆ, ನೀರಿಗೆ ಹತ್ತಿ, ಹೊಳೆಕೇರಿ. ಹರಿಗೋಲು ನಡೆಸುವ, ಬಲೆ ಬೀಸುವ ಇಪ್ಪತ್ತು ಚಿಲ್ಲರೆ ಮನೆಗಳು.

ಮನೆಪಟ್ಟಿ ಬರೆಯುವ ಕೆಲಸ ಶಿಕ್ಷಕರ ಪಾಲಿಗೆ ಬಂತು. ಕೆಮ್ಮಣ್ಣಿನ ಡಬ್ಬಿ ಹಿಡಿದು, ಸುಡು ಬೇಸಿಗೆಯಲ್ಲಿ ನಾನು ಹೊಳೆಕೇರಿಗೆ ಹೋದರೆ ಅಲ್ಲಿ ನರಪಿಳ್ಳೆಯಿಲ್ಲ. ಒಲೆಗಳು ತಣ್ಣಗಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ, ಒಂದು ಮನೆಗೂ ಕದವಿರಲಿಲ್ಲ. ಬರೀ ಚೌಕಟ್ಟುಗಳು ಬಾಯಿ ತೆರೆದು ನಿಂತಿದ್ದವು. ಬ್ಯಾಡಗಿಯಲ್ಲಿ ಬೆಳೆದು, ಆ ಊರಿಗೆ ಆಗಷ್ಟೇ ವರ್ಗವಾಗಿ ಬಂದಿದ್ದ ನನಗೆ ಕದವಿಲ್ಲದ ಮನೆಯೆಂದರೆ ಬಿಟ್ಟುಹೋದ ಮನೆ. ಯಾರನ್ನೂ ಕೇಳುವ ಗೋಜಿಗೆ ಹೋಗದೆ ಪಟ್ಟಿಯಲ್ಲಿ ‘ಬೇಚರಾಕ್’ ಎಂದು ಬರೆದೆ. ಜನವಸತಿಯಿಲ್ಲದ ಜಾಗಕ್ಕೆ ಕಂದಾಯದವರ ಹಳೆಯ ಹೆಸರು ಅದು. ಅಕ್ಷರ ಮಾತ್ರ ಬಲು ಅಂದವಾಗಿ ಬಂದಿತ್ತು.

ಪಟ್ಟಿ ಚಾವಡಿಯ ಗೋಡೆಗೆ ಹತ್ತಿದ ಮೂರನೆಯ ದಿನ ಗಂಗವ್ವನೆಂಬ ಮುದುಕಿ ಶಾಲೆಗೆ ಬಂದಳು. ಕಾಲಿಗೆ ಇನ್ನೂ ಹಸಿ ಮರಳು ಮೆತ್ತಿತ್ತು. ಹೊಳೆಕೇರಿಯೇ ಇಲ್ಲವೆಂದಾದರೆ ಅದಕ್ಕೊಬ್ಬ ಸದಸ್ಯನೂ ಇಲ್ಲ, ಸದಸ್ಯನಿಲ್ಲದ ಕೇರಿಗೆ ನಳವೂ ಬರುವುದಿಲ್ಲ, ಶಾಲೆಯೂ ಬರುವುದಿಲ್ಲ ಎಂಬುದನ್ನು ಯಾರೋ ಆಕೆಗೆ ತಿಳಿಸಿದ್ದರು. ಜಗಳವಾಡಲು ಬಂದಿದ್ದಾಳೆಂದುಕೊಂಡೆ. ಆಕೆ ಮೆತ್ತಗೆ ಹೇಳಿದಳು: “ಮನಿ ಎಲ್ಲಿಗೂ ಹೋಗಿಲ್ರಿ ಅಕ್ಕೋರ. ಕದಾ ಹೊಳಿಗೆ ಹೋಗ್ಯಾವ.”

ಆಗ ತಿಳಿಯಿತು. ನೀರು ಇಳಿದೊಡನೆ ಅವರೆಲ್ಲ ಮರಳಿಗೆ ಇಳಿದು, ಗುಡಿಸಲು ಹಾಕಿ, ಮಳೆ ಬರುವತನಕ ಕಲ್ಲಂಗಡಿ, ಸೌತೆ ಬೆಳೆಯುತ್ತಾರೆ. ಒಲೆ ಉರಿಯದ ಮನೆಗೆ ಕದ ಹಾಕುವುದು ಅವರಲ್ಲಿ ಅಪಶಕುನ. ಆದ್ದರಿಂದ ತಿರುಗಣಿಯಿಂದ ಕದವನ್ನೆತ್ತಿ ಹೊತ್ತೊಯ್ಯುತ್ತಾರೆ; ನಾಲ್ಕು ಕಲ್ಲುಗಳ ಮೇಲೆ ಇಟ್ಟರೆ ಅದೇ ಮಂಚ, ಅದೇ ಬೀಜ ಒಣಗಿಸುವ ಹಲಗೆ. ಸರಕಾರ ಬಾಗಿಲು ನೋಡಿ ಮನೆಯನ್ನು ಗುರುತಿಸುತ್ತದೆ. ಇವರೋ ಬಾಗಿಲನ್ನೇ ಕರೆದುಕೊಂಡು ಸಂಸಾರಕ್ಕೆ ಹೋಗುವವರು. ಇಬ್ಬರ ನಡುವೆ ಕೊಂಡಿಯಾಗಬೇಕಿದ್ದವಳು ನಾನು, ಚಿಲಕ ಹಾಕಿಬಿಟ್ಟಿದ್ದೆ. 

ಮರುದಿನವೇ ರಾಣೆಬೆನ್ನೂರಿನ ಕಚೇರಿಗೆ ಹೋದೆ. ತಪ್ಪು ನನ್ನದೆಂದು ಬರೆದುಕೊಟ್ಟೆ, ಮರಳಿನ ಮೇಲೇ ಹೋಗಿ ಕದಗಳಿಗೆ ನಂಬರು ಹಾಕುತ್ತೇನೆಂದೆ. ಗುಮಾಸ್ತರು ಕೆಟ್ಟವರಲ್ಲ, ಆದರೆ ಕಾನೂನು ಕದಲಬೇಕಲ್ಲ. ಹೊಳೆಯ ಪಾತ್ರದಲ್ಲಿ ಮನೆಯಿರಲು ಬರುವುದಿಲ್ಲ, ಚೌಕಟ್ಟಿನಲ್ಲಿ ನಿಂತ ಕದಕ್ಕೇ ನಂಬರು, ಸೋಮವಾರ ಸಾಹೇಬರು ಬಂದು ನೋಡುತ್ತಾರೆ, ಅಂದೇ ಪಟ್ಟಿ ಮುಗಿಯುತ್ತದೆ ಎಂದರು. ಮರಳಿಗಿಳಿದು ಹೋಗಿ, ಇದನ್ನು ತಲೆ ತಗ್ಗಿಸಿಕೊಂಡೇ ಗಂಗವ್ವನಿಗೆ ಹೇಳಿದೆ. ಆಕೆ ಬಳ್ಳಿಗೆ ನೀರು ಹಾಕುವುದನ್ನು ನಿಲ್ಲಿಸಲಿಲ್ಲ.

“ಸೋಮವಾರ ಕದಾ ಮನಿಗೆ ಬರ್ತಾವ. ನೀವು ಕೆಮ್ಮಣ್ಣ ಕಲಸಿ ಇಡ್ರಿ.”

ಸೋಮವಾರ ನಾನು ದಂಡೆಯ ಮೇಲೆ ನಿಂತು ನೋಡಿದೆ. ಕಾದ ಮರಳಿನ ಮೇಲೆ, ಅರ್ಧ ಮೈಲಿ ದೂರದಿಂದ, ಕದಗಳು ನಡೆದು ಬರುತ್ತಿದ್ದವು. ಹೊತ್ತವರ ಮುಖ ಕಾಣದು, ಕಾಲುಗಳಷ್ಟೇ ಕಾಣುತ್ತಿದ್ದವು. ಗಂಗವ್ವ ಮತ್ತು ಆಕೆಯ ಸೊಸೆ ಒಂದು ಕದವನ್ನು ಹೊತ್ತಿದ್ದರು. ಕೈಹಚ್ಚಲು ಹೋದ ನನ್ನನ್ನು, ನಿಮ್ಮ ಕೆಲಸ ಬರೆಯುವುದು, ಅದನ್ನು ನೆಟ್ಟಗೆ ಮಾಡಿ ಎಂಬಂತೆ ಒಮ್ಮೆ ನೋಡಿ ಗಂಗವ್ವ ಮುಂದೆ ಹೋದಳು. ಒಂದೊಂದು ಕದವೂ ತನ್ನ ತಿರುಗಣಿಗೆ ಕೂತಿತು. ಖಾಲಿ ಮನೆಗೆ ಕದ ಹಾಕಬಾರದಲ್ಲ, ಅದಕ್ಕೆ ಹೆಂಗಸರು ಅಂದು ಒಲೆಯನ್ನೂ ಹೊತ್ತಿಸಿದರು. ನಾನು ಒಂದರಿಂದ ಶುರುಮಾಡಿ ಕೊನೆಯ ಮನೆಯತನಕ ಅಂಕಿ ಬರೆದೆ, ಒರಟು ಹಲಗೆಯ ಮೇಲೆ ಅಂಕಿಗಳೆಲ್ಲ ಸೊಟ್ಟಾದವು. ಸಾಹೇಬರು ಪ್ರತಿ ಕದವನ್ನೂ ತಳ್ಳಿ ನೋಡಿ, ಹೊಗೆಯನ್ನೂ ನೋಡಿ, ‘ಬೇಚರಾಕ್’ ಎಂಬ ನನ್ನ ಅಂದದ ಅಕ್ಷರದ ಮೇಲೆ ಗೀಟೆಳೆದರು. ಸಂಜೆ ಕದಗಳು ನಂಬರು ಹೊತ್ತು ಮತ್ತೆ ಹೊಳೆಗಿಳಿದವು. ಚುನಾವಣೆಯಲ್ಲಿ ಹೊಳೆಕೇರಿಗೆ ಸ್ವಂತ ಸದಸ್ಯ ಬಂದ. ತಡವಾಗಿಯಾದರೂ ನಳ ಬಂತು.

ಈಗ ಮಂಡಲಗಳು ಹೋಗಿ ಗ್ರಾಮ ಪಂಚಾಯತಿಗಳಾಗಿವೆ, ಧಾರವಾಡದಿಂದ ಬೇರೆಯಾಗಿ ಹಾವೇರಿಯೇ ಜಿಲ್ಲೆಯಾಗಿದೆ. ಗೆರೆಗಳನ್ನು ಅಳಿಸಿ ಬರೆಯುವುದು ನಡೆದೇ ಇರುತ್ತದೆ, ನಡೆಯಲಿ. ಗೆರೆ ಎಳೆಯುವಾಗ ಯಾರು ಹೊರಗುಳಿದರು ಎಂದು ನೋಡುವವರು ಇದ್ದರೆ ಸಾಕು.

ಮೊನ್ನೆ ಹೊಸ ಪಟ್ಟಿ ಹಿಡಿದು ಒಬ್ಬ ಎಳೆಯ ಶಿಕ್ಷಕಿ ನಮ್ಮ ಓಣಿಗೆ ಬಂದಳು. ನನ್ನ ಬಾಗಿಲ ಹಳೆಯ ನಂಬರಿನ ಪಕ್ಕದಲ್ಲೇ ಹೊಸದನ್ನು ಬರೆದಳು. ಅದೂ ಸೊಟ್ಟಗಿತ್ತು, ನನಗೆ ಹಿತವಾಯಿತು. ಎದುರು ಮನೆಗೆ ಬೀಗವಿತ್ತು. ಆ ಮನೆಯವರು ಕದರಮಂಡಲಗಿಯ ಹನುಮಪ್ಪನ ದರ್ಶನಕ್ಕೆ ಹೋಗಿದ್ದರು. ಆಕೆ ಬೀಗವನ್ನೊಮ್ಮೆ ನೋಡಿ, ಬಿಸಿಲನ್ನೊಮ್ಮೆ ನೋಡಿ, ಪಟ್ಟಿಯಲ್ಲಿ ಏನೋ ಬರೆಯಲು ಪೆನ್ನು ತೆಗೆದಳು. ನಾನು ಅಂಗಳ ದಾಟಿ ಹೋಗಿ ಆ ಕೈ ಹಿಡಿದೆ.

“ಬರೀಬ್ಯಾಡವ್ವಾ. ಒಳಗ ಬಾ, ಚಾ ಕುಡಿ. ಸಂಜಿಗೆ ಬರ್ತಾರ, ಅಲ್ಲೀತನಕ ಇಲ್ಲೇ ಕುಂದ್ರೋಣು.”